ಊಟಕ್ಕೊಂದು ಪಾಸ್‌ವರ್ಡ್

“ಮೊಸರನ್ನ ಅಂತ ಹಾಕಿ ನೋಡ್ದೆ ಸರ್, ಆಗ್ಲಿಲ್ಲ,” ಎಂದಳು ಫೋನಿನಲ್ಲಿ ಕೆಳಗಿನ ಫ್ಲಾಟಿನ ಕೋಕಿಲಾ.

“ಎಲ್ಲಿಗೆ?”

“ಪಾಸ್‌ವರ್ಡ್‌ಗೆ. ನಿಮ್ಮ ಊಟದ ಕಾರ್ಡ್ ಓಪನ್ ಮಾಡಿದ್ರೆ ಲಾಗಿನ್ ಕೇಳತ್ತೆ. ದಿನಾ ನಿಮ್ಮನೆಯಿಂದ ಅದೇ ಒಗ್ಗರಣೆ ವಾಸನೆ ಬರೋದಲ್ವಾ, ಅದಕ್ಕೇ.”

ತ್ರಿವಿಕ್ರಮ ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ಔಷಧ ಕಂಪನಿಯ ತನ್ನ ಮೇಜಿನ ಮುಂದೆ ಎದ್ದು ನಿಂತ. ಭಾನುವಾರ ಅವನಿಗೆ ಐವತ್ತು ತುಂಬುತ್ತದೆ. ಈ ಊರಿಗೆ ಬಂದ ಏಳು ವರ್ಷದಲ್ಲಿ ಅವನ ಫ್ಲಾಟಿನಲ್ಲಿ ಬೇರೆ ಯಾರೂ ಉಂಡಿರಲಿಲ್ಲ. ಈ ಸಲ ಧೈರ್ಯ ಮಾಡಿ ಮೂವರನ್ನು ಕರೆದಿದ್ದ. ಕಾರ್ಡು ಅಂದವಾಗಿರಲೆಂದು ಕಂಪನಿಯವರು ಮಾತ್ರ ಲಾಗಿನ್ ಆಗಿ ನೋಡುವ ವೆಬ್‌ಪುಟದಿಂದ ದೀಪಗಳ ಚಿತ್ರವನ್ನು ಕಾಪಿ ಮಾಡಿ ಅಂಟಿಸಿದ್ದ.

ಹರ್ಲಿಂಗ್‌ಹ್ಯಾಮ್‌ನ ಹಲ್ಲಿನ ಡಾಕ್ಟರ್ ಮಧುಕರ ಫೋನ್ ಮಾಡಿದರು. “ನಿಮ್ಮ ಮಿಸೆಸ್ ಹೆಸರೇನ್ರಿ?”

“ಮದುವೆ ಆಗಿಲ್ಲ ಡಾಕ್ಟ್ರೇ.”

“ಹೌದಾ? ಹಾಗಾದ್ರೆ ಕಾರ್ ನಂಬರ್ ಹೇಳಿ.”

“ಕಾರಿಲ್ಲ, ನಾನು ಮಟಾಟು ವ್ಯಾನಲ್ಲಿ ಎಲ್ಲರ ಜೊತೆ ಓಡಾಡೋದು. ದಯವಿಟ್ಟು ಏನೂ ಹಾಕ್ಬೇಡಿ.”

ಕಸರಾನಿಯ ಟೀಚರ್ ಲವೀನಾ ಮೆಸೇಜ್ ಕಳಿಸಿದ್ದಳು: ‘ಮೈಸೂರು ಅಂತ ಹಾಕಿದೆ. ನೀವು ಅಲ್ಲಿಯವರೇ ಅಲ್ವಾ?’ ಅವನು ಚಿತ್ರದುರ್ಗದವನು.

ಅಷ್ಟರಲ್ಲಿ ಅವನ ಕಂಪ್ಯೂಟರ್ ಬಾಗಿಲು ಹಾಕಿಕೊಂಡಿತು. ಐಟಿ ವಿಭಾಗದ ಫೆಲಿಕ್ಸ್ ಲ್ಯಾಪ್‌ಟಾಪ್ ಹಿಡಿದು ಬಂದ.

“ನೀವು ಚಿತ್ರ ತಂದಿಲ್ಲ ಸರ್, ಅದರ ವಿಳಾಸ ತಂದಿದ್ದೀರಿ. ಕಾರ್ಡ್ ತೆರೆದವರೆಲ್ಲ ನಮ್ಮ ಸರ್ವರ್ ಬಾಗಿಲು ತಟ್ಟಿ, ನಿಮ್ಮ ಇಮೇಲ್ ಐಡಿ ಹಾಕಿ ಪಾಸ್‌ವರ್ಡ್ ಊಹೆ ಮಾಡ್ತಿದ್ದಾರೆ. ಅಕೌಂಟ್ ಲಾಕ್ ಆಗಿದೆ. ಬಿಡಿಸೋಕೆ ಒಂದು ಪ್ರಶ್ನೆ. ನಿಮ್ಮ ಆಪ್ತ ಸ್ನೇಹಿತನ ಹೆಸರು?”

“ಮಧುಕರ.”

“ಅಲ್ಲ.”

“ಬದರೀನಾಥ. ಹೈಸ್ಕೂಲಲ್ಲಿ ಜೊತೆಗಿದ್ದ.”

“ಅಲ್ಲ.”

ಪರೀಕ್ಷೆಯಲ್ಲಿ ತನ್ನ ನಂಬರೇ ಮರೆತ ಹುಡುಗನಂತೆ ಅವನು ಚಾವಣಿ ನೋಡಿದ. ಫೆಲಿಕ್ಸ್ ನಿಟ್ಟುಸಿರಿಟ್ಟು ಪರದೆಯನ್ನು ಅವನತ್ತ ತಿರುಗಿಸಿದ. ಅಲ್ಲಿದ್ದದ್ದು ‘ಫೆಲಿಕ್ಸ್’.

“ನೀವು ಸೇರಿದ ದಿನ ಅಕೌಂಟ್ ಮಾಡಿಕೊಟ್ಟಿದ್ದು ನಾನು. ಏನು ಹಾಕ್ಲಿ ಅಂದ್ರಿ. ಏನಾದ್ರೂ ಹಾಕಿ ಅಂದೆ. ಎದುರಿಗಿದ್ದ ನನ್ನ ಹೆಸರೇ ಹಾಕಿದ್ರಿ.” ಅವನು ಸ್ವಲ್ಪ ಯೋಚಿಸಿದ. “ಒಳ್ಳೇ ಸೆಕ್ಯುರಿಟಿ ಸರ್. ಇದನ್ನ ಯಾರೂ ಊಹಿಸಲ್ಲ.”

ಬೀಗ ತೆರೆಯಿತು. ಚಿತ್ರವನ್ನು ಸೇವ್ ಮಾಡಿ ಹಾಕಿದ ಹೊಸ ಕಾರ್ಡು ಮೂವರಿಗೂ ಹೋಯಿತು, ಏನೂ ಕೇಳದೆ ತೆರೆಯಿತು. ಉತ್ತರಗಳೂ ಹಾಗೇ ಸರಾಗವಾಗಿ ಬಂದವು. ಮೂವರಿಗೂ ದೀಪಗಳು ಇಷ್ಟವಾಗಿದ್ದವು. ಮೂವರಿಗೂ ಭಾನುವಾರ ಬೇರೆ ಕೆಲಸವಿತ್ತು.

ಫೆಲಿಕ್ಸ್ ಲ್ಯಾಪ್‌ಟಾಪ್ ಮುಚ್ಚಿ ಹೊರಟ.

“ಫೆಲಿಕ್ಸ್, ಭಾನುವಾರ ನೀವಾದ್ರೂ ಊಟಕ್ಕೆ ಬನ್ನಿ. ಬಿಸಿಬೇಳೆ ಮಾಡ್ತೀನಿ.”

“ಇಲ್ಲ ಸರ್,” ಎಂದ ಫೆಲಿಕ್ಸ್. “ನನಗೆ ಬೇರೆ ಕೆಲಸ ಏನಿಲ್ಲ. ಆದ್ರೂ ನಾನು ಬರಲ್ಲ.”