ಮಿನಿ ಲೋಡರಿನ ಪರೀಕ್ಷಾವಧಿ

ನಗರದ ವೃಕ್ಷ ವಿಭಾಗವು ಒಣಗಿ ನಿಂತಿದ್ದ ಮರವೊಂದರ ತೆರವು ಕಾರ್ಯವನ್ನು ಹದಿನಾಲ್ಕು ತಿಂಗಳಲ್ಲಿ, ಮರಕ್ಕೆ ಕೈ ಹಚ್ಚದೆ, ಯಶಸ್ವಿಯಾಗಿ ಪೂರ್ಣಗೊಳಿಸಿದೆ. ಈ ಸಾಧನೆಯ ವಿವರಗಳನ್ನು ದಾಖಲಿಸುವಂತೆ ಮುಖ್ಯಾಧಿಕಾರಿಗಳು ನನಗೆ ಆದೇಶಿಸಿದ್ದಾರೆ. ನಾನು ವಿಭಾಗದ ನಡಾವಳಿ ಗುಮಾಸ್ತ. ಸಭೆಯಲ್ಲಿ ಯಾರು ಏನೆಂದರೋ ಅದನ್ನು ಬರೆಯುವುದು ನನ್ನ ಕೆಲಸ. ಯಾರು ಏನು ಮಾಡಿದರು ಎಂದು ಬರೆಯುವ ಸಂದರ್ಭ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಬಂದಿರಲಿಲ್ಲ, ಆದ್ದರಿಂದ ತಪ್ಪಿದ್ದರೆ ಮನ್ನಿಸಬೇಕು.

ಮರವಿದ್ದದ್ದು ಟೈಲರಮ್ಮನ ಮನೆಯ ಹಿತ್ತಿಲ ಗೋಡೆಯಾಚೆ, ವಿಭಾಗಕ್ಕೆ ಸೇರಿದ ತುಂಡು ಜಾಗದಲ್ಲಿ. ಬುಡ ಪೊಳ್ಳಾಗಿ, ತೊಗಟೆ ಸುಲಿದು, ಅದು ಅವರ ಹಿಂದಿನ ಕೋಣೆಯ ಮೇಲೆ ವಾಲಿಕೊಂಡಿತ್ತು. ಆ ಕೋಣೆಯಲ್ಲಿ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಒಂದು ಮಂಚ. ಮಂಚದ ಮೇಲೆ ಎದ್ದು ಓಡಾಡಲಾಗದ ತಾಯಿ. ಮರ ಬಿದ್ದರೆ ತಾಯಿಯೂ ಹೋಗುತ್ತಾರೆ, ಅನ್ನವೂ ಹೋಗುತ್ತದೆ ಎಂದು ಟೈಲರಮ್ಮ ಅರ್ಜಿಯಲ್ಲಿ ನೇರವಾಗಿ ಬರೆದಿದ್ದರು. ಜೊತೆಗೊಂದು ಚೀಟಿ ಲಗತ್ತಿಸಿದ್ದರು: 'ಮರದ ಬುಡಕ್ಕೆ ಹೋಗೋ ಗಲ್ಲಿಯ ಗೇಟು ಮೂವತ್ತಾರು ಇಂಚು. ನಾನೇ ಟೇಪು ಹಿಡಿದು ಅಳೆದಿದ್ದೀನಿ.' ಸರ್ಕಾರಿ ಜಾಗವನ್ನು ಅಳೆಯುವ ಅಧಿಕಾರ ಖಾಸಗಿ ಟೇಪಿಗೆ ಇಲ್ಲದ ಕಾರಣ ಚೀಟಿಯನ್ನು ಬಿಡಿಸಿ ಪ್ರತ್ಯೇಕವಾಗಿ ಇಡಲಾಯಿತು.

ಮೊದಲಾಗಿದ್ದರೆ ನಮ್ಮ ಮರದ ಮೇಸ್ತ್ರಿಯೂ ಅವರ ನಾಲ್ವರು ಆಳುಗಳೂ ಮರವನ್ನು ತುಂಡು ತುಂಡಾಗಿ ಇಳಿಸಿ, ಹೆಗಲ ಮೇಲೆ ಹೊತ್ತು ಬೀದಿಗೆ ತಂದು ಹಾಕುತ್ತಿದ್ದರು. ಆದರೆ ಹಿಂದಿನ ವರ್ಷ ಒಬ್ಬ ಆಳಿನ ಪಾದದ ಮೇಲೆ ದಿಮ್ಮಿ ಬಿದ್ದಿತು. ಕಾರ್ಮಿಕರ ಹಿತವನ್ನು ಗಮನದಲ್ಲಿಟ್ಟು ವಿಭಾಗವು ದಿಮ್ಮಿ ಹೊರುವುದನ್ನೇ ನಿಷೇಧಿಸಿತು. ಆಳಿನ ಪಾದಕ್ಕೆ ಏನು ಮಾಡಬೇಕೆಂಬುದು ಇನ್ನೂ ಪರಿಶೀಲನೆಯಲ್ಲಿದೆ. ಹೀಗಾಗಿ ಯಂತ್ರ ಬೇಕಾಯಿತು.

ಅದರ ಹೆಸರು ಮಿನಿ ಸ್ಕಿಡ್ ಸ್ಟಿಯರ್. ನಮ್ಮವರ ಬಾಯಲ್ಲಿ ಮಿನಿ ಲೋಡರು. ಸೀಟಿಲ್ಲದ ಪುಟ್ಟ ಯಂತ್ರ, ಚಾಲಕ ಹಿಂದಿನ ಹಲಗೆಯ ಮೇಲೆ ನಿಂತು ನಡೆಸಬೇಕು. ಮುಂದಿನ ತೋಳುಗಳಿಗೆ ಇಕ್ಕಳ ಸಿಕ್ಕಿಸಿದರೆ ನಾಲ್ವರು ಹೊರುವ ದಿಮ್ಮಿಯನ್ನು ಒಂದೇ ಸಲಕ್ಕೆ ಕಚ್ಚಿ ಎತ್ತುತ್ತದೆ, ಇಕ್ಕಟ್ಟಾದ ಜಾಗದಲ್ಲಿ ನಿಂತಲ್ಲೇ ತಿರುಗುತ್ತದೆ. ಇದನ್ನು ಆರಿಸಲು ಏಳು ಜನರ ಸಮಿತಿ ರಚನೆಯಾಯಿತು. ಏಳರಲ್ಲಿ ಮರ ಹತ್ತಿದವರು ಯಾರೂ ಇರಲಿಲ್ಲವಾದ್ದರಿಂದ ಮೇಸ್ತ್ರಿಯನ್ನು 'ಮಾತಾಡುವ ಹಕ್ಕಿಲ್ಲದ ವಿಶೇಷ ಆಹ್ವಾನಿತ' ಎಂದು ಕರೆಸಲಾಯಿತು. ಅವರು ಬಂದವರೇ ಮಾತಾಡಿದರು.

"ಸಾರ್, ಕೇಳ್ಬೇಕಾಗಿರೋದು ಮೂರೇ ಮಾತು. ಅಗಲ ಎಷ್ಟು, ಎಷ್ಟು ಭಾರ ಎತ್ತುತ್ತೆ, ಎತ್ತಿದ ಮೇಲೆ ಮುಂದಕ್ಕೆ ಮುಗ್ಗರಿಸುತ್ತಾ ಇಲ್ವಾ. ಗಲ್ಲಿಗೆ ಹೋಗೋ ಹಾಗಿದ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ನಿಂತು ನಡೆಸೋದಾ?" ಎಂದರು ಮುಖ್ಯಾಧಿಕಾರಿಗಳು.

"ಹೌದು ಸಾರ್."

"ಹಾಗಾದ್ರೆ ಇದು ಅಧಿಕಾರಿಗಳು ಹತ್ತೋ ವಾಹನ ಅಲ್ಲ ಅಂತ ಬರ್ಕೊಳ್ರೀ." ನಾನು ಬರೆದುಕೊಂಡೆ.

ಆಯ್ಕೆಯ ಮಾನದಂಡ ಹೀಗೆ ನಿರ್ಧಾರವಾಯಿತು. ವಿಭಾಗದ ಯಾವುದೇ ಆಸ್ತಿಯನ್ನು ಮುಖ್ಯಾಧಿಕಾರಿಗಳು ಖುದ್ದಾಗಿ ನೋಡಿ ಒಪ್ಪಬೇಕೆಂಬ ನಿಯಮವಿದೆ. ಅವರು ಸ್ಥಳಕ್ಕೆ ಹೋಗಿ ನೋಡುವ ಪದ್ಧತಿ ಇಲ್ಲ. ಸ್ಥಳದಲ್ಲಿರುವುದು ಅವರ ಕೋಣೆಗೆ ಬರುವುದೇ ಪದ್ಧತಿ. ಆದ್ದರಿಂದ ಯಂತ್ರ ಅವರ ಬಾಗಿಲಲ್ಲಿ ತೂರಬೇಕಿತ್ತು. ಬಾಗಿಲನ್ನು ಸರ್ಕಾರಿ ಟೇಪಿನಿಂದ ಮೂರು ಸಲ ಅಳೆಯಲಾಯಿತು, ಮೂವತ್ತಾರು ಇಂಚು ಬಂತು. ಮೊದಲ ಯಂತ್ರ ಒಂದು ಟನ್ ಎತ್ತುತ್ತಿತ್ತು, ಅಗಲ ನಲವತ್ತೆರಡು ಇಂಚು; ತಿರಸ್ಕರಿಸಲಾಯಿತು. ಎರಡನೆಯದು ಬಾಗಿಲಲ್ಲಿ ತೂರಿತು, ಆದರೆ ಗಾಲಿಗಳ ಹಲ್ಲಿಗೆ ಕೋಣೆಯ ಜಮಖಾನೆ ಸಿಕ್ಕಿಕೊಂಡಿತು. ಮೂರನೆಯದು ಮೂವತ್ತನಾಲ್ಕು ಇಂಚು, ಗಾಲಿಯ ಬದಲು ರಬ್ಬರ್ ಪಟ್ಟಿ, ಜಮಖಾನೆಯ ಮೇಲೆ ಗುರುತೇ ಮೂಡಲಿಲ್ಲ. ಮುಖ್ಯಾಧಿಕಾರಿಗಳು ತಲೆಯಾಡಿಸಿದರು. ಹೀಗೆ ಬಾಗಿಲಿಗೂ ಜಮಖಾನೆಗೂ ಹೊಂದುವಂತೆ ಆರಿಸಿದ ಯಂತ್ರ ಗಲ್ಲಿಯೊಳಗಿನ ಮರದ ಕೆಲಸಕ್ಕೂ ಹೇಳಿ ಮಾಡಿಸಿದಂತಿತ್ತು. ಇದರಲ್ಲಿ ಸಮಿತಿಯ ತಪ್ಪೇನೂ ಇಲ್ಲವೆಂದು ಸ್ಪಷ್ಟಪಡಿಸುತ್ತೇನೆ.

ಮೇಸ್ತ್ರಿ ಕೇಳಿದ್ದು ಇಕ್ಕಳ ಒಂದನ್ನು. ಖರೀದಿ ಅಧಿಕಾರಿಗಳು ಅದರ ಜೊತೆ ಗುಂಡಿ ಕೊರೆಯುವ ತಿರುಪು, ಕಾಲುವೆ ತೋಡುವ ಸರಪಳಿ, ಬೀದಿ ಗುಡಿಸುವ ಬ್ರಷ್ಷು ಮುಂತಾಗಿ ಎಂಟು ಸಾಮಾನು ತರಿಸಿದರು. ಅವರ ಬಾಮೈದ ಇತ್ತೀಚೆಗಷ್ಟೇ ಇಂಥ ಸಾಮಾನುಗಳ ಅಂಗಡಿ ತೆರೆದದ್ದು ಆಕಸ್ಮಿಕವೆಂದು ನಡಾವಳಿಯಲ್ಲಿ ದಾಖಲಾಗಿದೆ. "ಆಕಸ್ಮಿಕ ಅಂತಲೇ ಬರೀರಿ, ಬೇರೆ ಪದ ಹುಡುಕಬೇಡಿ," ಎಂದು ಅವರೇ ಎರಡು ಸಲ ಹೇಳಿದ್ದರು. ಆ ಎಂಟೂ ಈಗ ಮೆಟ್ಟಿಲಿನ ಕೆಳಗಿವೆ.

ಯಂತ್ರ ಬಂದ ದಿನ ಮೇಸ್ತ್ರಿ ಇಕ್ಕಳ ಸಿಕ್ಕಿಸಿ, ಹಗ್ಗ, ಗರಗಸ ಎಲ್ಲ ಜೋಡಿಸಿಕೊಂಡು ಗಲ್ಲಿಗೆ ಹೊರಟು ನಿಂತರು. ಆಗ ಖರೀದಿ ಅಧಿಕಾರಿಗಳು ಹನ್ನೊಂದನೇ ನಿಯಮವನ್ನು ನೆನಪಿಸಿದರು. ಹೊಸ ಯಂತ್ರವನ್ನು ಸಾರ್ವಜನಿಕ ಕೆಲಸಕ್ಕೆ ಬಿಡುವ ಮುನ್ನ ಕೇಂದ್ರ ಕಚೇರಿಯ ಆವರಣದಲ್ಲಿ ಮೂವತ್ತು ದಿನ ಮರದ ಭಾರ ಹೊರಿಸಿ ಪರೀಕ್ಷಿಸತಕ್ಕದ್ದು. ನಮ್ಮ ಆವರಣದಲ್ಲಿ ಮರವಿಲ್ಲ. ಹಿಂದೆ ಹನ್ನೊಂದಿದ್ದವು, ವಿಭಾಗದ ವಾಹನಗಳಿಗೆ ನೆರಳು ಬೇಕೆಂದು ತಗಡಿನ ಚಪ್ಪರ ಹಾಕಿಸಲು ಅವನ್ನು ಕಡಿಸಲಾಗಿತ್ತು.

"ಸಾರ್, ಗಲ್ಲಿಗೇ ತಗೊಂಡು ಹೋದ್ರೆ ಪರೀಕ್ಷೆನೂ ಆಗುತ್ತೆ, ಕೆಲಸಾನೂ ಆಗುತ್ತೆ," ಎಂದರು ಮೇಸ್ತ್ರಿ.

"ಪರೀಕ್ಷೆ ಆಗದೇ ಇರೋ ಯಂತ್ರನ ಕೆಲಸಕ್ಕೆ ಕಳಿಸೋಕಾಗುತ್ತೇನ್ರೀ? ನಾಳೆ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ?" ಎಂದ ಮುಖ್ಯಾಧಿಕಾರಿಗಳು ಸ್ವಲ್ಪ ಹೊತ್ತು ಸೂರು ನೋಡಿದರು. "ಕಾಗದ ಯಾವುದರಿಂದ ಮಾಡ್ತಾರೆ?"

"ಮರದಿಂದ ಸಾರ್," ಎಂದರು ಖರೀದಿ ಅಧಿಕಾರಿಗಳು.

"ಮತ್ತೇನು ತೊಂದರೆ?"

ಕಾಗದವೂ ಮರವೇ ಎಂಬ ಠರಾವು ಐದು ನಿಮಿಷದಲ್ಲಿ ಪಾಸಾಯಿತು. ದಾಖಲೆ ಕೋಣೆಯಲ್ಲಿ ಮರದ ದೂರುಗಳ ಕಡತ ಆಳೆತ್ತರ ಬಿದ್ದಿದ್ದವು. ಮೇಸ್ತ್ರಿ ಒಂದು ಕಟ್ಟನ್ನು ಇಕ್ಕಳದಲ್ಲಿ ಹಿಡಿದು ಕಾರಿಡಾರಿನುದ್ದಕ್ಕೂ ಸಾಗಿ, ನಿಂತಲ್ಲೇ ತಿರುಗಿ, ಖರೀದಿ ಶಾಖೆಯ ಮೇಜಿನ ಮೇಲೆ ಹೂವಿನಂತೆ ಇಳಿಸಿದರು. ಜವಾನರಿಗೆ ಒಂದು ವಾರ ಹಿಡಿಯುತ್ತಿದ್ದ ಕಡತಗಳ ಸಾಗಣೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಇಡೀ ಕಚೇರಿ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಮೂವತ್ತು ದಿನಗಳ ಬಳಿಕ ಯಂತ್ರವನ್ನು ಬಿಟ್ಟುಕೊಡಲು ಯಾವ ಶಾಖೆಯೂ ಒಪ್ಪಲಿಲ್ಲ. ಪರೀಕ್ಷೆ ಇಷ್ಟೊಂದು ಚೆನ್ನಾಗಿ ನಡೆಯುತ್ತಿರುವಾಗ ನಿಲ್ಲಿಸುವುದು ಸರಿಯಲ್ಲವೆಂದು ಅವಧಿಯನ್ನು ವಿಸ್ತರಿಸಿ, ಈ ಕೆಳಗಿನ ಪ್ರಕಟಣೆ ಹೊರಡಿಸಲಾಯಿತು:

'ಲೋಡರು ಬರುವ ಸದ್ದು ಕೇಳಿದೊಡನೆ ಸಿಬ್ಬಂದಿ ಗೋಡೆಗೆ ಒರಗಿ ನಿಲ್ಲತಕ್ಕದ್ದು. ಹೊಗೆಯಿಂದ ಕೆಮ್ಮು ಬಂದವರು ತಮ್ಮ ಸರದಿಯಲ್ಲಿ ಕೆಮ್ಮತಕ್ಕದ್ದು. ಇಕ್ಕಳದಲ್ಲಿ ಊಟದ ಡಬ್ಬಿ, ಛತ್ರಿ, ಚಪ್ಪಲಿ ಇಡಕೂಡದು. ಮುಖ್ಯಾಧಿಕಾರಿಗಳ ಡಬ್ಬಿಗೆ ಈ ನಿಯಮ ಅನ್ವಯಿಸುವುದಿಲ್ಲ.'

ಯಂತ್ರ ಖಾಲಿ ಓಡಾಡಿದರೆ ಪರೀಕ್ಷೆಗೆ ಭಂಗವೆಂದು ಶಾಖೆಗಳು ಕಡತಗಳನ್ನು ಹೆಚ್ಚು ಹೆಚ್ಚು ಕಳಿಸತೊಡಗಿದವು. ಮೊದಲು ತಿಂಗಳಿಗೊಮ್ಮೆ ಮೇಜು ಬದಲಿಸುತ್ತಿದ್ದ ಕಡತ ಈಗ ದಿನಕ್ಕೆ ನಾಲ್ಕು ಸಲ ಬದಲಿಸಿತು. ಎಲ್ಲೂ ನಿಲ್ಲುತ್ತಿರಲಿಲ್ಲವಾದ್ದರಿಂದ ಯಾರಿಗೂ ಅದನ್ನು ಓದಲಾಗುತ್ತಿರಲಿಲ್ಲ. ಕಡತ ಚಲನೆಯಲ್ಲಿ ನಾವು ಎಲ್ಲ ವಿಭಾಗಗಳಿಗಿಂತ ಮುಂದಿದ್ದೇವೆಂದು ಮೇಲಿನಿಂದ ಪ್ರಶಂಸಾ ಪತ್ರ ಬಂದಿತು. ಮೇಸ್ತ್ರಿ ಪ್ರತಿ ಸೋಮವಾರ, "ಗಲ್ಲಿ ಕೆಲಸ ಯಾವಾಗ ಸಾರ್?" ಎಂದು ಕೇಳುತ್ತಿದ್ದರು. ಆರನೇ ತಿಂಗಳ ಹೊತ್ತಿಗೆ ಅವರ ಮಂಡಿನೋವು ಕಡಿಮೆಯಾಗಿತ್ತು, ಬಿಸಿಲಿಗೆ ಸುಟ್ಟಿದ್ದ ಕತ್ತು ತಿಳಿಯಾಗಿತ್ತು. ಆಮೇಲೆ ಅವರು ಕೇಳುವುದನ್ನು ಬಿಟ್ಟರು.

ಟೈಲರಮ್ಮ ಬಿಡಲಿಲ್ಲ. ಸಾರ್ವಜನಿಕರು ಕಚೇರಿಯೊಳಗೆ ಬರುವಂತಿಲ್ಲ, ಬೀದಿ ಕಡೆಯ ಕಿಂಡಿಯಲ್ಲಿ ವಿಚಾರಿಸಬೇಕು. ಅವರು ಬಂದ ದಿನ ಕಿಂಡಿಯಲ್ಲಿ ನಾನಿದ್ದೆ.

"ಅಣ್ಣಾ, ಮಿಷಿನ್ ಬಂದಿದೆಯಂತೆ?"

"ಬಂದಿದೆ."

"ಕೆಲಸ ಮಾಡ್ತಿದೆಯಾ?"

"ಬಿಡುವೇ ಇಲ್ಲ."

"ಯಾವ ಕಡೆ ಮಾಡ್ತಿದೆ ಅಣ್ಣಾ? ಅಲ್ಲಿ ಮುಗಿದ ತಕ್ಷಣ ನಮ್ಮ ಕಡೆ ಕಳಿಸಿ. ಗಾಳಿ ಬೀಸಿದ್ರೆ ಮರ ಕಿರ್ರ್ ಅನ್ನುತ್ತೆ. ಅಮ್ಮ ಕಣ್ಣು ಮುಚ್ಚಲ್ಲ, ಸೂರನ್ನೇ ನೋಡ್ತಾ ಮಲಗಿರ್ತಾರೆ."

ಪರೀಕ್ಷೆಯ ವಿವರ ಗೋಪ್ಯವಾದ್ದರಿಂದ ಹೇಳುವಂತಿರಲಿಲ್ಲ. ಉತ್ತರ ಕೊಡುವ ನಮೂನೆಯಲ್ಲಿ ಮೂರೇ ಕಾರಣಗಳು ಅಚ್ಚಾಗಿದ್ದವು: ಮಳೆ, ಸಿಬ್ಬಂದಿ ಕೊರತೆ, ದಾರಿಯ ಅಗಲ ಸಾಲದು. ಮಳೆ ಇರಲಿಲ್ಲ. ಸಿಬ್ಬಂದಿ ಕೊರತೆ ಎಂದರೆ ಮುಖ್ಯಾಧಿಕಾರಿಗಳು ಸಿಟ್ಟಾಗುತ್ತಾರೆ. ನಾನು ಮೂರನೆಯದಕ್ಕೆ ಗುರುತು ಹಾಕಿ ಕೊಟ್ಟೆ. ಗೇಟಿನ ಅಳತೆಯ ಚೀಟಿ, ಯಂತ್ರದ ಅಳತೆಯ ನಡಾವಳಿ, ಎರಡೂ ನನ್ನ ಕಪಾಟಿನಲ್ಲೇ ಇದ್ದವು. ಆದರೆ ಬೇರೆ ಬೇರೆ ಕಡತಗಳಲ್ಲಿದ್ದವು, ಎರಡು ಕಡತಗಳನ್ನು ಒಟ್ಟಿಗೆ ತೆರೆಯಲು ಪ್ರತ್ಯೇಕ ಆದೇಶ ಬೇಕು. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ. ಆದರೂ ಪೂರ್ತಿ ಊಟ ಮಾಡಿದೆ.

ಟೈಲರಮ್ಮ ಕಾಗದವನ್ನು ಎರಡು ಸಲ ಓದಿದರು. "ಅಗಲ ಸಾಲಲ್ವಾ? ಮೂರಡಿ ಇದೆಯಲ್ಲ, ಅಷ್ಟು ದೊಡ್ಡ ಮಿಷಿನ್ನಾ?" ಎಂದರು. ನಾನು ಕಿಂಡಿಯ ಗಡಿಯಾರ ನೋಡಿದೆ. "ಹೋಗಲಿ ಬಿಡಿ, ಗಲ್ಲಿ ಹಿಗ್ಗಿಸೋಕೆ ನಿಮ್ಮ ಕೈಲೂ ಆಗಲ್ಲ," ಎಂದು ಅವರೇ ನನಗೆ ಸಮಾಧಾನ ಹೇಳಿ ಹೋದರು. ಮನೆಗೆ ಹೋಗಿ ಅಕ್ಕಪಕ್ಕದವರನ್ನು ಕರೆದು ತಾಯಿಯ ಮಂಚವನ್ನು ಮುಂದಿನ ಕೋಣೆಗೆ ಸಾಗಿಸಿದರಂತೆ. ಹೊಲಿಗೆ ಯಂತ್ರಗಳಿಗೂ ಮೇಜಿಗೂ ಅಲ್ಲಿ ಜಾಗವಿರಲಿಲ್ಲ.

ಹದಿನಾಲ್ಕನೇ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಮೂರು ಗಂಟೆಗೆ, ಗಾಳಿಯಿಲ್ಲದ ಹೊತ್ತಿನಲ್ಲಿ ಮರ ಬಿದ್ದಿತು. ಟೈಲರಮ್ಮ ತಾಯಿಗೆ ಮಾತ್ರೆ ಕೊಡಲು ಮುಂದಿನ ಕೋಣೆಗೆ ಹೋಗಿದ್ದರಿಂದ ಇಬ್ಬರೂ ಉಳಿದರು. ಹಿಂದಿನ ಕೋಣೆ, ಮೇಜು, ಎರಡು ಹೊಲಿಗೆ ಯಂತ್ರ, ಹೊಲಿದು ಮಡಿಸಿಟ್ಟಿದ್ದ ಊರವರ ಬಟ್ಟೆ, ಎಲ್ಲವೂ ನೆಲಸಮವಾದವು. ಆ ಗಳಿಗೆಯಲ್ಲಿ ಟೈಲರಮ್ಮನ ಕಡತ ಲೋಡರಿನ ಇಕ್ಕಳದಲ್ಲಿ ಎರಡನೇ ಶಾಖೆಯಿಂದ ನಾಲ್ಕನೇ ಶಾಖೆಗೆ ಹೋಗುತ್ತಿತ್ತೆಂದು ಕಡತ ಚಲನೆಯ ಪುಸ್ತಕದಿಂದ ತಿಳಿಯುತ್ತದೆ.

ಸಮಿತಿಯ ತುರ್ತು ಸಭೆ ಸೇರಿತು. ಮುಖ್ಯಾಧಿಕಾರಿಗಳು ಅರ್ಜಿಯನ್ನು ತರಿಸಿ ಮೊದಲ ಬಾರಿಗೆ ಓದಿದರು. "'ನಿಂತಿರುವ ಒಣಮರ ತೆರವುಗೊಳಿಸುವ ಬಗ್ಗೆ.' ಮರ ಈಗ ನಿಂತಿದೆಯಾ?"

"ಇಲ್ಲ ಸಾರ್," ಎಂದು ಏಳೂ ಜನ ಹೇಳಿದರು.

"ಅರ್ಜಿ ಇತ್ಯರ್ಥ ಆಗಿದೆ ಅಂತ ಬರ್ಕೊಳ್ರೀ. ಬಿದ್ದ ಮರದ್ದು ಬೇರೆ ವಿಷಯ, ಬೇರೆ ಕಡತ ತೆರೀರಿ."

ಮುಖ್ಯಾಧಿಕಾರಿಗಳು ಕಲ್ಲೆದೆಯವರಲ್ಲ. ಹಳೆಯ ಕಡತಗಳ ಧೂಳು ಲೋಡರಿನ ಎಂಜಿನ್ನಿಗೆ ಹೋಗುತ್ತಿತ್ತು, ಸಂಜೆ ನಿಲ್ಲಿಸಿದ ಮೇಲೆ ಮುಚ್ಚಲು ಒಂದು ಹೊದಿಕೆ ಬೇಕಿತ್ತು. ಆ ಕೆಲಸವನ್ನು ಟೈಲರಮ್ಮನಿಗೇ ಕೊಡಿಸಿದರು. ದಾಖಲೆ ಕೋಣೆಯ ಪಕ್ಕದ ಮೂಲೆಯನ್ನೂ ಯಾರದೋ ಹಳೆ ಹೊಲಿಗೆ ಯಂತ್ರವೊಂದನ್ನೂ ಒದಗಿಸಿ, ಮುಂದೆ ಕಡತಗಳಿಗೆ ಬಟ್ಟೆಯ ಚೀಲ ಹೊಲಿಯುವ ಕೆಲಸವೂ ಇದೆಯೆಂದು ಅಭಯವಿತ್ತರು.

ಟೈಲರಮ್ಮ ಕಾರಿಡಾರಿನಲ್ಲಿ ಲೋಡರಿನ ಪಕ್ಕ ಮಂಡಿಯೂರಿ ಟೇಪು ಎಳೆದರು. ಉದ್ದ, ಎತ್ತರ ಬರೆದುಕೊಂಡು ಅಗಲ ಹಿಡಿದರು. ಹಿಡಿದವರು ಟೇಪನ್ನು ಬಿಟ್ಟು ಮತ್ತೆ ಹಿಡಿದರು. ಮೇಸ್ತ್ರಿ ಹಲಗೆಯಿಂದ ಇಳಿದು ಎಂಜಿನ್ ಆರಿಸಿದರು.

"ಮೂವತ್ತನಾಲ್ಕು," ಎಂದರು ಟೈಲರಮ್ಮ. "ನಮ್ಮ ಗೇಟು ಮೂವತ್ತಾರು. ನಾನು ಚೀಟಿ ಬರೆದು ಇಟ್ಟಿದ್ದೆನಲ್ಲ ಅಣ್ಣಾ?"

"ಇದೆಯಮ್ಮ. ಪ್ರತ್ಯೇಕವಾಗಿ ಇಟ್ಟಿದ್ದೀವಿ," ಎಂದೆ. ಹೇಳುವಾಗ ನನಗೆ ಅವರ ಮುಖ ನೋಡಲಾಗಲಿಲ್ಲ. ನಾಚಿಕೆಯಾಯಿತು ಎಂದು ಬರೆಯಬಹುದೇ ಎಂಬ ಬಗ್ಗೆ ನಿಯಮಗಳಲ್ಲಿ ಏನೂ ಇಲ್ಲವಾದ್ದರಿಂದ ಬರೆದಿದ್ದೇನೆ.

ಮೇಸ್ತ್ರಿ ರಬ್ಬರ್ ಪಟ್ಟಿಗೆ ಅಂಟಿದ್ದ ಕಾಗದದ ಚೂರೊಂದನ್ನು ಉಗುರಿನಿಂದ ಕೀಳುತ್ತ ನಿಂತರು. "ಹೋಗ್ತಿತ್ತು ತಂಗೀ," ಎಂದರು. "ಆರಾಮಾಗಿ ಹೋಗ್ತಿತ್ತು."

ಅಷ್ಟರಲ್ಲಿ ಮುಖ್ಯಾಧಿಕಾರಿಗಳು ಬಾಗಿಲಿಗೆ ಬಂದು ಏನಾಯಿತೆಂದು ವಿಚಾರಿಸಿದರು. ಮೂವತ್ತನಾಲ್ಕು, ಮೂವತ್ತಾರು ಎರಡನ್ನೂ ಗಮನವಿಟ್ಟು ಕೇಳಿಸಿಕೊಂಡರು.

"ಒಳ್ಳೇದಾಯ್ತು. ಎರಡಿಂಚು ಸಡಿಲ ಬಿಟ್ಟು ಹೊಲೀರಮ್ಮ," ಎಂದರು. "ಬಿಗಿ ಆದ್ರೆ ಹೊಲಿಗೆ ಬಿಟ್ಕೊಳ್ಳುತ್ತೆ."

ಟೈಲರಮ್ಮ ಟೇಪನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, 'ಎರಡಿಂಚು ಸಡಿಲ' ಎಂದು ಬರೆದುಕೊಂಡರು.

ಹೊದಿಕೆ ಚೆನ್ನಾಗಿ ಬಂದಿದೆ. ಮರ ಇನ್ನೂ ಅವರ ಹಿಂದಿನ ಕೋಣೆಯ ಮೇಲೆಯೇ ಮಲಗಿದೆ. ಅದರ ಹೊಸ ಕಡತ ದಿನಕ್ಕೆ ನಾಲ್ಕು ಸಲ ಲೋಡರಿನಲ್ಲಿ ಹೋಗಿ ಬರುತ್ತಿದೆ, ಪರೀಕ್ಷಾವಧಿಯನ್ನು ಇನ್ನೊಂದು ವರ್ಷ ವಿಸ್ತರಿಸಲಾಗಿದೆ. ಸದ್ದು ಕೇಳಿದೊಡನೆ ಟೈಲರಮ್ಮನೂ ಹೊಲಿಗೆ ನಿಲ್ಲಿಸಿ ಎದ್ದು, ನಮ್ಮೆಲ್ಲರ ಹಾಗೆ ಗೋಡೆಗೆ ಒರಗಿ ನಿಂತು, ತಮ್ಮ ಕಡತಕ್ಕೆ ದಾರಿ ಬಿಡುತ್ತಾರೆ.