ನಮ್ಮ ಕಾಕಾನ ಇಟಲಿ ಮುನಿಸಿಪಾಲಿಟಿ

ನಮ್ಮ ಕಾಕಾ ಇಟಲಿಯವರು ಎಂದರೆ ನೀವು ನಗುತ್ತೀರಿ. ನಗಿ! ಅವರ ಬಳಿ ಪಾಸ್‌ಪೋರ್ಟ್ ಕೂಡ ಇರಲಿಲ್ಲ. ವಸಂತ್ ಕುಂಜದ ನಮ್ಮ ಫ್ಲ್ಯಾಟಿನಿಂದ ಓಖ್ಲಾದ ಗಾರ್ಮೆಂಟ್ ಆಫೀಸಿಗೆ ಹೋಗಿ ಬರುವುದೇ ಅವರ ದೇಶಾಟನೆ. ಆದರೂ ಇಟಲಿಯ ಬೆಟ್ಟಗಳ ನಡುವಿನ ಒಂದು ಪುಟ್ಟ ಊರಿನ ಬಗ್ಗೆ ಅವರಷ್ಟು ತಿಳಿದವರು ಇಡೀ ದಿಲ್ಲಿಯಲ್ಲಿ ಇರಲಿಲ್ಲ ಎಂದು ನಾನು ಎದೆ ತಟ್ಟಿ ಹೇಳಬಲ್ಲೆ.

ಅದು ಪ್ರತಿ ಸೀಸನ್ನಿಗೂ ಅಂಗಿಗಳ ಆರ್ಡರ್ ಕೊಡಲು ಬರುತ್ತಿದ್ದ ಒಬ್ಬ ಸಾಹೇಬನ ಊರು. ಆಫೀಸಿನವರೆಲ್ಲ ಅವನೊಡನೆ ಕಾಲರು, ಗುಂಡಿ ಎಂದು ಮಾತಾಡಿದರೆ ಕಾಕಾ ಮೊದಲ ದಿನವೇ ಕೇಳಿದ್ದು, ನಿಮ್ಮದು ಯಾವೂರು? ನಾವು ಕನ್ನಡದವರಲ್ಲವೇ! ಊರಿನ ಹೆಸರು ಸಿಕ್ಕ ಮೇಲಾದರೂ ಬಿಟ್ಟರೇ? ಹೊಳೆ ಯಾವ ಕಡೆ, ಚರ್ಚು ಕಟ್ಟಿಸಿದವರು ಯಾರು, ಗುಡ್ಡ ಕುಸಿದಾಗ ಜನ ಎಲ್ಲಿ ಮಲಗಿದರು? ಹೀಗೆ ವರ್ಷಗಟ್ಟಲೆ.

"ಮುನಿಸಿಪಾಲಿಟಿ ಅಂದ್ರ ಮುನಿಸಿಪಾಲಿಟಿ! ಮೇಯರ್ ಸೈತ ಅದಾನ," ಎಂದು ಕಾಕಾ ಬೀಗುತ್ತಿದ್ದರು.

"ಜನ ಎಷ್ಟು ಅದಾರ?" ಎಂದು ನನ್ನ ಅವ್ವ ಕೇಳಿದಳು.

"ನಮ್ಮ ಕಾಲನಿಗಿಂತ ಸ್ವಲ್ಪ ಕಡಿಮಿ, ವೈನಿ," ಎಂದರು ಕಾಕಾ ಅತ್ತಿಗೆಗೆ.

ತರಕಾರಿ ಭಯ್ಯಾನೂ ತಪ್ಪಿಸಿಕೊಳ್ಳಲಿಲ್ಲ. ಅಲ್ಲಿಯ ಹಿಮದ ವರ್ಣನೆ ಕೇಳಿ ಕೇಳಿ ಅವನೊಮ್ಮೆ, "ಬಾಬೂಜಿ, ಇತನೀ ಬರ್ಫ್ ಮೇ ಆಲೂ ಕಹಾಂ ರಖತೇ ಹೈಂ?" ಎಂದುಬಿಟ್ಟ. ಅಷ್ಟು ಹಿಮದಲ್ಲಿ ಆಲೂಗಡ್ಡೆ ಎಲ್ಲಿಡುತ್ತಾರೆ ಎಂಬುದು ಕಾಕಾಗೆ ಗೊತ್ತಿರಲಿಲ್ಲ! ಅಂದು ಊಟ ಸೇರಲಿಲ್ಲ. ಮರುದಿನ ಅಂಗಿಗಳ ತೋಳಿನ ಅಳತೆ ಕುರಿತ ಇಮೇಲಿನ ಕೊನೆಗೆ ಆಲೂಗಡ್ಡೆಯ ಪ್ರಶ್ನೆಯೂ ಇಟಲಿಗೆ ಹೋಯಿತು. ಮನೆಯಡಿಯ ನೆಲಮಾಳಿಗೆಯಲ್ಲಿ ಇಡುತ್ತಾರಂತೆ. ಭಯ್ಯಾ "ಅಚ್ಛಾ!" ಎಂದ ಮೇಲೆಯೇ ಕಾಕಾಗೆ ಸಮಾಧಾನ.

ಆದರೆ ದಿಲ್ಲಿ ಕನ್ನಡಿಗರ ಯುಗಾದಿ ಊಟದಲ್ಲಿ ನಮ್ಮ ಮಾನ ಹೋಯಿತು. ಯಾರೋ "ತಮ್ಮದು ಯಾವೂರು ಸರ್?" ಎಂದರೆ ಇವರು ಇಟಲಿಯ ಊರಿನ ಕಥೆಯನ್ನೇ ಬಿಚ್ಚಿದರು. ಕೃಷ್ಣಾ ತೀರದ ನಮ್ಮ ಊರು ಅಣೆಕಟ್ಟಿನ ಹಿನ್ನೀರಲ್ಲಿ ಮುಳುಗಿ ಕೆಲವು ವರ್ಷಗಳಾಗಿದ್ದವು. ಹೇಳಲು ಊರಿಲ್ಲದ್ದಕ್ಕೆ ಪರರ ಊರು ಹಿಡಿದಿದ್ದಾರೆ ಎಂದು ನಾವು ನಗುತ್ತಿದ್ದೆವು. ಆ ಯುಗಾದಿಯ ದಿನ ಮಾತ್ರ ಪಕ್ಕದ ಸಾಲಿನಿಂದ ಒಬ್ಬರು, "ಎಲ್ಲಾ ಬುರುಡೆ," ಎಂದದ್ದು ಕಾಕಾನ ಕಿವಿಗೂ ಬಿತ್ತು.

ಮುಂದಿನ ಸೀಸನ್ನಿಗೆ ಸಾಹೇಬ ಬಂದಾಗ ಕಾಕಾ ಅವನನ್ನೇ ಮನೆಗೆ ಊಟಕ್ಕೆ ಕರೆದರು. ಬುರುಡೆ ಎಂದವರನ್ನೂ ಕರೆದರು! ಎಲ್ಲರೆದುರು ಒಂದು ಮಾತು ತಪ್ಪಿದರೂ ಕಾಕಾ ಮತ್ತೆ ತಲೆ ಎತ್ತುವಂತಿರಲಿಲ್ಲ.

ಜೋಳದ ರೊಟ್ಟಿ ಮುರಿಯುತ್ತಾ ಸಾಹೇಬ, ಗುಡ್ಡ ಕುಸಿದ ಮೇಲೆ ಚರ್ಚನ್ನೂ ಗಂಟೆಯ ಗೋಪುರವನ್ನೂ ಹೊಸದಾಗಿ ಕಟ್ಟಿದರು ಎಂದ.

"ತಪ್ಪು," ಎಂದರು ಕಾಕಾ. "ಗೋಪುರ ಹಳೇದು. ಚರ್ಚಷ್ಟೇ ಹೊಸದು."

ಎಲ್ಲರ ಕೈ ಎಲ್ಲಿದ್ದಲ್ಲೇ ನಿಂತಿತು. ಅವನ ಊರು, ಇವರ ತಿದ್ದುಪಡಿ! ಸಾಹೇಬ ಮೊಬೈಲ್ ತೆಗೆದು ಊರಲ್ಲಿದ್ದ ತಾಯಿಗೆ ಫೋನ್ ಹಚ್ಚಿದ. ಅತ್ತಲಿಂದ ಜಗಳವಾಡಿದಂತೆ ಜೋರು ದನಿ. ಫೋನಿಟ್ಟು ಅವನು ಇಂಗ್ಲಿಷಿನಲ್ಲಿ ಹೇಳಿದ, "ಅಮ್ಮನ ಪ್ರಕಾರ ಇವರು ಹೇಳಿದ್ದೇ ಸರಿ. ಅಷ್ಟೆಲ್ಲ ಗೊತ್ತಿರೋ ಈ ಹುಡುಗ ನಮ್ಮೂರಲ್ಲಿ ಯಾರ ಮಗ ಅಂತ ಕೇಳ್ತಿದ್ದಾಳೆ."

ನಮ್ಮ ಕಾಕಾ! ಐವತ್ತೈದು ದಾಟಿದ ಹುಡುಗ! ಬುರುಡೆ ಎಂದವರು ತಾವೇ ಎದ್ದು ಕೈ ಕುಲುಕಿದರು. ನಾನು ಹೆಮ್ಮೆಯಿಂದ ಕಾಕಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಸಾಹೇಬ ನಗುತ್ತಾ, "ಈಗ ನನ್ನ ಸರದಿ. ನಿಮ್ಮೂರಿನ ಗುಡಿ ಕಟ್ಟಿದ್ದು ಯಾರು?" ಎಂದ.

ಕಾಕಾ ಇಂಗ್ಲಿಷ್ ಬಿಟ್ಟು ಕನ್ನಡದಲ್ಲೇ ಹೇಳಿದರು. ಸಾಹೇಬನಿಗೆ ನಾನೇ ತಿಳಿಸಿ ಹೇಳಬೇಕಾಯಿತು.

"ಗೊತ್ತಿಲ್ಲ. ನಮ್ಮವ್ವಗ ಗೊತ್ತಿತ್ತು. ಊರು ಎಲ್ಲಿ ಹೋಗ್ತೈತಿ ಅಂತ ನಾ ಕೇಳಲೇ ಇಲ್ಲ. ಕೇಳಬೇಕು ಅನಿಸಿದಾಗ ಗುಡೀನೂ ಇರಲಿಲ್ಲ, ಅಕಿನೂ ಇರಲಿಲ್ಲ."

ನನ್ನ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಕಾ ಮೂಗು ಸೀಟಿ, ಸಾಹೇಬನ ಮೊಬೈಲನ್ನು ಅವನ ಕಡೆಗೇ ಸರಿಸಿದರು.

"ನಿಮ್ಮವ್ವ ಇನ್ನೂ ಅದಾರಲ್ಲ. ಮತ್ತೊಮ್ಮೆ ಹಚ್ಚರಿ. ಕೇಳೋದು ಇನ್ನೂ ಭಾಳ ಐತಿ."