ಆಷಾಢದಲ್ಲಿ ಹಲ್ಲು ಕಟ್ಟಿಸಬಾರದು

ಮೂಡಲಪಾಳ್ಯದ ಚನ್ನಕೇಶವನವರು ದಂತವೈದ್ಯೆ ಚೇತನಾ ಅವರನ್ನು ಮೊದಲ ಬಾರಿಗೆ ಕಂಡದ್ದು ಎರಡು ಸಾವಿರದ ನಾಲ್ಕನೆಯ ಇಸವಿಯಲ್ಲಿ. ಕಂಡ ಐದನೆಯ ನಿಮಿಷಕ್ಕೇ ವಾದಕ್ಕೆ ನಿಂತರು. ಮಗಳು ಲತಾಳ ಮೇಲಿನ ಸಾಲಿನಲ್ಲಿ ಎರಡು ಹಲ್ಲು ಹುಟ್ಟಿರಲೇ ಇಲ್ಲ. "ನಮ್ಮ ವಂಶದಲ್ಲಿ ಎಲ್ಲಾ ನಿಧಾನ, ಬರ್ತವೆ ಬಿಡು" ಎಂದು ಕಾದು ಕಾದು ಹುಡುಗಿಗೆ ಹತ್ತೊಂಬತ್ತು ತುಂಬಿತ್ತು.

"ಸಾರ್, ಒಸಡಿನೊಳಗೆ ಹಲ್ಲಿನ ಮೊಳಕೆಯೇ ಇಲ್ಲ. ಇನ್ನು ಬರಲ್ಲ" ಎಂದು ಚೇತನಾ ಎಕ್ಸ್‌ರೇ ತೋರಿಸಿದರು.

"ಬಿತ್ತದೇನೇ ಮೊಳೆತಿರೋದನ್ನ ನಾನು ನೋಡಿದೀನಿ ಡಾಕ್ಟ್ರೇ" ಎಂದರು ಚನ್ನಕೇಶವ.

ಆದರೂ ಲತಾ ಹಟ ಹಿಡಿದು ಕ್ಲಿಪ್ ಹಾಕಿಸಿಕೊಂಡಳು. ಎರಡು ವರ್ಷ ತಂತಿ ಬಿಗಿಸಿ, ಎತ್ತಲೋ ಓಡಿದ್ದ ಹಲ್ಲುಗಳನ್ನು ಸಾಲಿಗೆ ತಂದು, ಇಲ್ಲದ ಎರಡು ಹಲ್ಲುಗಳಿಗೆ ಅಳತೆಯಂತೆ ಜಾಗ ಬಿಡಿಸಿದ್ದಾಯಿತು. ಕ್ಲಿಪ್ ಬಿಚ್ಚಿದ ದಿನ ಚೇತನಾ ಮೂರು ದಾರಿ ಹೇಳಿದರು: ಹಾಕಿ ತೆಗೆಯುವ ಪ್ಲೇಟು, ಪಕ್ಕದ ಹಲ್ಲುಗಳನ್ನು ಉಜ್ಜಿ ಕೂರಿಸುವ ಬ್ರಿಡ್ಜು, ಇಲ್ಲವೇ ದವಡೆಯ ಮೂಳೆಗೆ ಸ್ಕ್ರೂ ಇಳಿಸಿ ಕಟ್ಟುವ ಹಲ್ಲು.

ಚನ್ನಕೇಶವನವರ ರಾಗಿ ಹೊಲ ಸೈಟುಗಳಾಗಿ ಹದಿನೈದು ವರ್ಷವಾಗಿತ್ತು. ಅಂದಿನಿಂದ ಅವರಿಗೆ ಜಗತ್ತೆಲ್ಲ ಮೂವತ್ತು–ನಲವತ್ತರ ಅಳತೆಯಲ್ಲೇ ಕಾಣುತ್ತಿತ್ತು. (ದೇವಸ್ಥಾನಕ್ಕೆ ಹೋದರೂ ಗರ್ಭಗುಡಿ ಎಷ್ಟು ಚದರ ಎಂದು ಕಣ್ಣಲ್ಲೇ ಅಳೆಯುವರು.) ಅವರು ಕೂಡಲೇ ತೀರ್ಪು ಕೊಟ್ಟರು.

"ಪ್ಲೇಟು ಅಂದ್ರೆ ತಗಡಿನ ಶೆಡ್ಡು. ಬ್ರಿಡ್ಜು ಅಂದ್ರೆ ಪಕ್ಕದ ಮನೆ ಗೋಡೆ ಮೇಲೆ ನಮ್ಮ ತೊಲೆ ಇಟ್ಟಂಗೆ, ನಾಳೆ ತಕರಾರು. ಸ್ಕ್ರೂನೇ ಸರಿ. ಬುನಾದಿ, ಪಿಲ್ಲರು, ಎಲ್ಲಾ ಭದ್ರ."

"ಆಗಲಿ. ಅಲ್ಲಿವರೆಗೂ ಈ ಪ್ಲೇಟು ಬಾಯಲ್ಲೇ ಇರಬೇಕು" ಎಂದು ಚೇತನಾ ಎರಡು ಹಲ್ಲು ಜೋಡಿಸಿದ ಗುಲಾಬಿ ಬಣ್ಣದ ಪ್ಲೇಟೊಂದನ್ನು ಲತಾಳಿಗೆ ಕೊಟ್ಟರು. "ಊಟಕ್ಕೆ ಮಾತ್ರ ತೆಗೀಬೇಕು. ಜಾಗ ಖಾಲಿ ಬಿಟ್ರೆ ಪಕ್ಕದ ಹಲ್ಲುಗಳು ಸರಿದು ಬಂದುಬಿಡ್ತವೆ."

ಲತಾಳಿಗೆ ಆ ಎರಡು ಹಲ್ಲುಗಳ ಅಗತ್ಯ ಬಹಳವಿತ್ತು. ಜ್ಞಾನಭಾರತಿಯಲ್ಲಿ ಬಿ.ಎಡ್. ಓದುತ್ತಿದ್ದ ಅವಳು ಶ್ರಾವಣದಲ್ಲಿ ಲಗ್ಗೆರೆಯ ಶಾಲೆಯೊಂದರಲ್ಲಿ ಮೊದಲ ಪಾಠ ಮಾಡಬೇಕಿತ್ತು. ಎಂಟನೆಯ ತರಗತಿ, ಅರುವತ್ತು ಮಕ್ಕಳು. ಬಾಯಿ ತೆರೆದರೆ ಎರಡು ಕಿಟಕಿ ಕಾಣುವ ಟೀಚರಿಗೆ ಆ ಮಕ್ಕಳು ಮೊದಲ ಗಂಟೆಯಲ್ಲೇ ನಾಮಕರಣ ಮಾಡಿಬಿಡುತ್ತಾರೆಂದು ಅವಳಿಗೆ ಗೊತ್ತಿತ್ತು.

ಜ್ಯೇಷ್ಠದ ಕೊನೆಯ ದಿನ ನೆಂಟರ ಮನೆಯಲ್ಲಿ ಬೀಗರ ಊಟ. ಲತಾ ಪ್ಲೇಟು ತೆಗೆದು ಕಾಗದದಲ್ಲಿ ಸುತ್ತಿ, ಎಲೆಯ ತುದಿಯಲ್ಲಿಟ್ಟು ಉಂಡು, ಕೈ ತೊಳೆಯಲು ಹೋದಳು. ತಿರುಗಿ ಬರುವಷ್ಟರಲ್ಲಿ ತಾಯಿ ಮುನಿಲಕ್ಷ್ಮಮ್ಮ ಮಗಳ ಎಲೆಯನ್ನೂ ಮಡಚಿ, ಎತ್ತಿಸಿ ಕಳುಹಿಸಿದ್ದರು.

"ಅಮ್ಮಾ, ನನ್ನ ಹಲ್ಲು!"

"ಅದು ಹಲ್ಲಾ? ಮೂಳೆ ಸುತ್ತಿಟ್ಟಿದೀಯ ಅನ್ಕೊಂಡೆ ಕಣೇ!"

ಚನ್ನಕೇಶವನವರು ಪಂಚೆ ಎತ್ತಿಕಟ್ಟಿ ಎಂಜಲೆಲೆಯ ರಾಶಿಗೆ ಇಳಿದರು. ಹದಿನಾಲ್ಕು ಕುರಿಗಳ ಅಸ್ಥಿಸಂಚಯದ ನಡುವೆ ಎರಡು ಹಲ್ಲುಗಳ ಮಹಾಶೋಧ ಒಂದು ಗಂಟೆ ನಡೆಯಿತು. ಸಿಕ್ಕಿದ ಹಲ್ಲುಗಳೆಲ್ಲ ತಲೆಮಾಂಸದವು.

ಲತಾ ಅಲ್ಲಿಂದಲೇ ಫೋನ್ ಮಾಡಿದಳು. ನಾಳೆಯೇ ಬಂದರೆ ಹೊಸ ಪ್ಲೇಟಿಗೆ ಅಚ್ಚು ತೆಗೆಯುವುದಾಗಿ ಚೇತನಾ ಹೇಳಿದರು.

"ನಾಳೆಯಿಂದ ಆಷಾಢ" ಎಂದರು ಚನ್ನಕೇಶವ. "ಆಷಾಢದಲ್ಲಿ ಯಾರಾದ್ರೂ ಕಟ್ಟೋ ಕೆಲಸ ಶುರು ಮಾಡ್ತಾರಾ?"

"ಅಪ್ಪಾ, ಇದು ಮನೆ ಅಲ್ಲ, ಹಲ್ಲು."

"ಹಲ್ಲು ಕಟ್ಟಿಸ್ತೀವಿ ಅಂತಾನೇ ತಾನೆ ಅನ್ನೋದು? ಕಟ್ಟೋದು ಅಂದ್ಮೇಲೆ ಮುಗೀತು."

"ಹಲ್ಲುಜ್ಜೋದನ್ನೂ ಶ್ರಾವಣಕ್ಕೇ ಶುರು ಮಾಡ್ಕೊಳ್ಳಿ!" ಎಂದರು ಮುನಿಲಕ್ಷ್ಮಮ್ಮ. "ಎಲೆ ಮಡಚಿದ ತಪ್ಪಿಗೆ ನಾನು ಬೇಡ್ಕೊಳ್ತೀನಿ, ಕರ್ಕೊಂಡು ಹೋಗಿ."

"ಒಂದು ತಿಂಗಳಲ್ಲಿ ಎಲ್ಲಿಗೆ ಹೋಗ್ತವೆ? ಹಲ್ಲಿಗೇನು ಕಾಲಿದೆಯಾ?"

ಲತಾ ಒಬ್ಬಳೇ ಕ್ಲಿನಿಕ್ಕಿಗೆ ಹೊರಟರೆ ಅಪ್ಪ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕುಳಿತಿರುತ್ತಿದ್ದರು. ಕಾಲೇಜಿನಿಂದಲೇ ಹೋಗೋಣವೆಂದರೆ ಫೀಸಿನ ದುಡ್ಡು ಅವರ ಕೈಯಲ್ಲಿತ್ತು. ಹುಡುಗಿ ದಿನವೂ ಕನ್ನಡಿಯ ಮುಂದೆ ಬೆರಳಿಟ್ಟು ಅಳೆಯುತ್ತಿದ್ದಳು. ಆಷಾಢದ ಎರಡನೆಯ ವಾರದಿಂದ ಅಪ್ಪನೊಡನೆ ಮಾತು ಬಿಟ್ಟಳು.

ಶ್ರಾವಣದ ಮೊದಲ ಸೋಮವಾರ, ರಾಹುಕಾಲ ಕಳೆದ ಮೇಲೆ, ಚನ್ನಕೇಶವನವರು ಹೆಂಡತಿ ಮಗಳೊಡನೆ ತಟ್ಟೆಯಲ್ಲಿ ಹಣ್ಣು, ಎಲೆಯಡಿಕೆ ಇಟ್ಟುಕೊಂಡು ಕ್ಲಿನಿಕ್ಕಿಗೆ ಬಂದರು. ಚೇತನಾ ಅಳತೆಕೋಲು ಹಿಡಿದು ಎರಡು ಸಲ ಅಳೆದು, ಉಸಿರು ಬಿಟ್ಟರು.

"ಏಳು ಮಿಲಿಮೀಟರ್ ಬಿಡಿಸಿದ್ದೆ ಸಾರ್. ಈಗ ಐದೂ ಇಲ್ಲ. ಸ್ಕ್ರೂ ಹಿಡಿಸಲ್ಲ. ಮತ್ತೆ ಆರು ತಿಂಗಳು ಕ್ಲಿಪ್ ಹಾಕಬೇಕು."

ಲತಾಳ ಕಣ್ಣು ತುಂಬಿತು. ತಪ್ಪು ತಮ್ಮದೆಂದು ಒಪ್ಪುವುದಕ್ಕೆ ಚನ್ನಕೇಶವನವರಿಗೆ ಅಭ್ಯಾಸವಿರಲಿಲ್ಲ.

"ಇದೆಲ್ಲಾ ಸುಮ್ನೆ ಹೇಳೋದು ಡಾಕ್ಟ್ರೇ! ನನ್ನ ದವಡೆ ಹಲ್ಲು ಕೀಳಿಸಿ ಹನ್ನೆರಡು ವರ್ಷ ಆಯ್ತು. ಏನೂ ಕಟ್ಟಿಸಿಲ್ಲ. ಒಂದಾದ್ರೂ ಅಲ್ಲಾಡಿದ್ಯಾ ನೋಡಿ!" ಎಂದು ಕುರ್ಚಿಯ ಮೇಲೆ ತಾವೇ ಒರಗಿ, ಬಾಯನ್ನು ಸಾಕ್ಷಿಯಾಗಿ ತೆರೆದರು.

ಚೇತನಾ ದೀಪ ಹಾಕಿದರು. ಇಣುಕಿದರು. "ಲತಾ, ಬಾಮ್ಮ, ನೋಡು."

ಹಿಂದಿನ ಹಲ್ಲು ಮುಂದಕ್ಕೆ ಮಲಗಿ ದಿಂಬು ಹಾಕಿಕೊಂಡಿತ್ತು. ಮೇಲಿನದು ಏನಾಗಿದೆ ಎಂದು ವಿಚಾರಿಸಲು ಕೆಳಗಿಳಿದು ಬಂದಿತ್ತು.

"ಈ ಕಡೆ ಅನ್ನ ಸಿಕ್ಕಾಕ್ಕೊಳುತ್ತೆ ಅಂತ ದಿನಾ ಗೊಣಗ್ತಾರಮ್ಮ. ಕಡ್ಡಿ ಹಿಡ್ಕೊಂಡೇ ಮಲಗೋದು" ಎಂದು ಮುನಿಲಕ್ಷ್ಮಮ್ಮ ತಮ್ಮ ಸಾಕ್ಷ್ಯವನ್ನೂ ನುಡಿದರು.

"ಹಿಂಗೇ ಬಿಟ್ರೆ ಇನ್ನೂ ಎರಡು ಹಲ್ಲು ಹೋಗ್ತವೆ. ನೆಟ್ಟಗೆ ನಿಲ್ಲಿಸೋಕೆ ನಿಮಗೂ ಕ್ಲಿಪ್ಪೇ ಗತಿ ಸಾರ್."

"ಐವತ್ತೆರಡು ವರ್ಷಕ್ಕೆ ಕ್ಲಿಪ್ಪಾ?" ಎಂದು ಚನ್ನಕೇಶವ ಎದ್ದು ಕುಳಿತರು. ಲತಾ ಮೂರು ವಾರದ ಮೇಲೆ ಮೊದಲ ಬಾರಿಗೆ ಅಪ್ಪನೊಡನೆ ಮಾತನಾಡಿದಳು.

"ನಂಗೆ ಎರಡನೇ ಸಲ ಹಾಕೋ ಹಂಗೆ ಮಾಡಿದ್ದು ನೀವು. ನೀವು ಹಾಕ್ಕೊಂಡ್ರೆ ನಾನೂ ಹಾಕ್ಕೊಳ್ತೀನಿ. ಇಲ್ಲ ಅಂದ್ರೆ ಹಿಂಗೇ ಇರ್ತೀನಿ."

ಚನ್ನಕೇಶವನವರು ತಟ್ಟೆಯಲ್ಲಿದ್ದ ಬಾಳೆಹಣ್ಣನ್ನು ನೋಡಿದರು, ಮಗಳ ಮುಖ ನೋಡಿದರು, ಮತ್ತೆ ಒರಗಿದರು.

ಚೇತನಾ ಲತಾಳ ಹೊಸ ತಂತಿಗೇ ಎರಡು ಕಿರಿದಾದ ಹಲ್ಲು ಪೋಣಿಸಿಕೊಟ್ಟರು. ಲಗ್ಗೆರೆಯ ಅರುವತ್ತು ಮಕ್ಕಳ ಮುಂದೆ ಅವಳು ಪಾಠ ಮಾಡಿದಳು, ಒಂದೆರಡು ಕಡೆ ನಕ್ಕಳು ಕೂಡ. ಆರು ತಿಂಗಳ ಮೇಲೆ ಸ್ಕ್ರೂ ಇಳಿಯಿತು; ಈಗ ಹಲ್ಲೂ ಕೂತಿದೆ, ಮಹಾಲಕ್ಷ್ಮಿ ಲೇಔಟಿನಲ್ಲಿ ಕೆಲಸವೂ ಸಿಕ್ಕಿದೆ.

ಚನ್ನಕೇಶವನವರದು ಇನ್ನೂ ಮುಗಿದಿಲ್ಲ. ಮಲಗಿದ ಹಲ್ಲು ಏಳಲು ಒಪ್ಪುತ್ತಿಲ್ಲವಂತೆ. ಊಟಕ್ಕೆ ಮುದ್ದೆಯೊಂದೇ ಆಸರೆ, ಅದನ್ನು ಅಗಿಯಬೇಕಾಗಿಲ್ಲವಲ್ಲ. ತಿಂಗಳಿಗೊಮ್ಮೆ ತಂತಿ ಬಿಗಿಸಿಕೊಳ್ಳಲು ಹೋಗುತ್ತಾರೆ. ದಿನ ಗೊತ್ತುಮಾಡುವವಳು ಲತಾ. ಅವಳು ಆರಿಸುವುದು ಯಾವಾಗಲೂ ಮಂಗಳವಾರ ಮಧ್ಯಾಹ್ನದ ಮೂರು ಗಂಟೆ, ಸರಿಯಾಗಿ ರಾಹುಕಾಲ.

"ಆಗ ಯಾರೂ ಬರಲ್ಲ ಅಪ್ಪ, ಕ್ಲಿನಿಕ್ ಖಾಲಿ ಇರುತ್ತೆ."

ಚನ್ನಕೇಶವನವರು ಉತ್ತರ ಹೇಳಲು ಬಾಯಿ ತೆರೆಯುತ್ತಾರೆ. ಡಾಕ್ಟರು ಅದರಲ್ಲಿ ಹತ್ತಿ ತುಂಬುತ್ತಾರೆ.